ಹಳೇ ಮಹೀಂದ್ರ ಎಫ್‌ಸಿ ಪಿಕಪ್: ಟ್ಯೂನ್ ಮಾಡುವ ಕ್ರಮ, ಓಡಿಸುವ ಕ್ರಮ

ಹಳೇ ಪೆಟ್ರೋಲ್ ಪಿಕಪ್ ನಡುಗುತ್ತಿದೆ, ಏರು ಹತ್ತುತ್ತಿಲ್ಲ, ಮಿಸ್ಸಿಂಗ್ ಆಗುತ್ತಿದೆ ಅಂದ ಕೂಡಲೇ ಹೆಚ್ಚಿನವರು ಸ್ಕ್ರೂಡ್ರೈವರ್ ಹಿಡಿದು ಹೋಗುವುದು ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬುರೇಟರ್ ಹತ್ತಿರ. ಅದು ಕಣ್ಣಿಗೆ ಕಾಣುತ್ತದೆ, ತಿರುಗಿಸಲು ಎರಡು ಸ್ಕ್ರೂ ಇದೆ, ತಿರುಗಿಸಿದರೆ ಸದ್ದು ಬದಲಾಗುತ್ತದೆ. ಆದರೆ ತೊಂದರೆ ಬಹಳ ಸಲ ಬೇರೆ ಕಡೆ ಇರುತ್ತದೆ. ವಾಲ್ವ್ ಎತ್ತುವ ಟ್ಯಾಪೆಟ್ ಬಿಗಿಯಾಗಿರಬಹುದು, ಪ್ಲಗ್ ಕಿಡಿಗಾಗಿ ಕರೆಂಟ್ ಕಡಿಯುವ ಪಾಯಿಂಟ್ ಸುಟ್ಟಿರಬಹುದು, ಆ ಕಿಡಿ ಹೊತ್ತುವ ಗಳಿಗೆ, ಅಂದರೆ ಟೈಮಿಂಗ್, ಜಾರಿರಬಹುದು. ಅವನ್ನು ಹಾಗೇ ಬಿಟ್ಟು ಕಾರ್ಬುರೇಟರ್ ತಿರುಗಿಸಿದರೆ ಐಡಲ್ ಸದ್ದು, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗಿನ ಸದ್ದು, ಎರಡು ದಿನ ಚೆನ್ನಾಗಿರುತ್ತದೆ, ಆಮೇಲೆ ಘಾಟಿಯಲ್ಲಿ ಗಾಡಿ ನಿಲ್ಲುತ್ತದೆ. ಟ್ಯೂನಿಂಗ್‌ನಲ್ಲಿ ಯಾವುದರ ನಂತರ ಯಾವುದು ಅನ್ನುವ ಕ್ರಮವೇ ಅರ್ಧ ಕೆಲಸ. ಕಾರ್ಬುರೇಟರ್ ಯಾವಾಗಲೂ ಕೊನೆಗೆ.

ಇಲ್ಲಿ ಹೇಳುತ್ತಿರುವುದು ಮಹೀಂದ್ರ ಎಫ್‌ಸಿ ಪೆಟ್ರೋಲ್ ಪಿಕಪ್ ಬಗ್ಗೆ. ಚಪ್ಪಟೆ ಮೂತಿಯ ಗಾಡಿ, ಡ್ರೈವರ್ ಮುಂದಿನ ಚಕ್ರದ ಮೇಲೆಯೇ ಕೂರುತ್ತಾನೆ, ಇಂಜಿನ್ ಕ್ಯಾಬಿನ್ ಒಳಗೆ ಎರಡು ಸೀಟಿನ ನಡುವೆ ಒಂದು ಮುಚ್ಚಳದ ಕೆಳಗಿರುತ್ತದೆ. ಎಫ್‌ಸಿ ಅಂದರೆ ಫಾರ್ವರ್ಡ್ ಕಂಟ್ರೋಲ್. ಅಮೆರಿಕದ ವಿಲ್ಲಿಸ್ ಕಂಪನಿ 1956ರ ಕೊನೆಯಲ್ಲಿ ಇದನ್ನು ಹೊರತಂದಿತು, ರೂಪ ಕೊಟ್ಟವರು ಬ್ರೂಕ್ಸ್ ಸ್ಟೀವನ್ಸ್. ಆಗಲೇ ಇಲ್ಲಿ ವಿಲ್ಲಿಸ್ ಜೀಪ್ ಜೋಡಿಸುತ್ತಿದ್ದ ಮಹೀಂದ್ರ ಮುಂದೆ ಎಫ್‌ಸಿಯನ್ನೂ ತಯಾರಿಸಿತು. ಆಮೇಲೆ ಡೀಸೆಲ್ ಎಫ್‌ಸಿಗಳೂ ಬಂದವು, ಅವುಗಳ ಕಥೆ ಬೇರೆ. ಪೆಟ್ರೋಲ್ ಎಫ್‌ಸಿಯಲ್ಲಿ ಇರುವುದು ಹರಿಕೇನ್ ಅನ್ನುವ ನಾಲ್ಕು ಸಿಲಿಂಡರ್ ಇಂಜಿನ್, 2.2 ಲೀಟರ್. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಇನ್ನೂ ಓಡುವ ಹಳೇ ಪೆಟ್ರೋಲ್ ಜೀಪುಗಳಲ್ಲಿ ಎಷ್ಟೋ ಗಾಡಿಗಳಿಗೆ ಇದೇ ಇಂಜಿನ್. ಹಾಗಾಗಿ ನಿಮ್ಮಲ್ಲಿರುವುದು ಎಫ್‌ಸಿ ಅಲ್ಲದೆ ಜೀಪ್ ಆಗಿದ್ದರೂ ಟ್ಯೂನಿಂಗ್ ಭಾಗ ಹಾಗೇ ಉಪಯೋಗಕ್ಕೆ ಬರುತ್ತದೆ.

ಮೊದಲು ಬ್ರೇಕ್

ಇಂಜಿನ್ ಸ್ಟಾರ್ಟ್ ಆಗಲಿ ಅಂತ ಎಲ್ಲರಿಗೂ ಆತುರ. ದಯವಿಟ್ಟು ಮೊದಲು ಬ್ರೇಕ್ ನೋಡಿ. ಈ ಗಾಡಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್, ಮಾಸ್ಟರ್ ಸಿಲಿಂಡರ್ ಒಂದೇ, ನಾಲ್ಕು ಚಕ್ರಕ್ಕೂ ಒಂದೇ ಲೈನ್. ಎಲ್ಲಾದರೂ ಒಂದು ಕಡೆ ಪೈಪ್ ಒಡೆದರೆ ನಾಲ್ಕೂ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಈಗಿನ ಕಾರುಗಳಲ್ಲಿ ಅರ್ಧ ಹೋದರೂ ಅರ್ಧ ಉಳಿಯುತ್ತದಲ್ವಾ, ಇಲ್ಲಿ ಹಾಗಿಲ್ಲ.

ನಾಲ್ಕೂ ಡ್ರಮ್ ಬಿಚ್ಚಿ. ವೀಲ್ ಸಿಲಿಂಡರ್‌ನ ರಬ್ಬರ್ ಬೂಟ್ ಎತ್ತಿ ನೋಡಿ, ಒಳಗೆ ಒದ್ದೆ ಇದ್ದರೆ ಕಿಟ್ ಬದಲಾಯಿಸಿ. ಬೋರ್ ಗುಳಿ ಬಿದ್ದಿದ್ದರೆ ಕಿಟ್‌ನಿಂದ ಪ್ರಯೋಜನವಿಲ್ಲ, ಸಿಲಿಂಡರನ್ನೇ ಬದಲಾಯಿಸಬೇಕು ಅಥವಾ ಸ್ಲೀವ್ ಹಾಕಿಸಬೇಕು. ರಬ್ಬರ್ ಹೋಸ್‌ಗಳು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ದಾರಿ ಮುಚ್ಚಿರುತ್ತವೆ. ಪೆಡಲ್ ಬಿಟ್ಟ ಮೇಲೂ ಒಂದು ಚಕ್ರ ಹಿಡಿದುಕೊಂಡೇ ಇದ್ದರೆ ಮೊದಲ ಅನುಮಾನ ಹೋಸ್ ಮೇಲೆ ಇರಲಿ. ವಯಸ್ಸು ಗೊತ್ತಿಲ್ಲದ ಹೋಸ್ ಅಂದರೆ ಬದಲಾಯಿಸುವ ಹೋಸ್, ಅಷ್ಟೇ. ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ ಶುರು ಮಾಡಿ ಹತ್ತಿರದ ಚಕ್ರಕ್ಕೆ ಬನ್ನಿ. ಪೆಡಲ್‌ಗೆ ಮೇಲ್ಗಡೆ ಸುಮಾರು ಅರ್ಧ ಇಂಚು ಪ್ಲೇ ಬಿಡಿ. ಪ್ಲೇ ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರ್‌ಗೆ ಆಯಿಲ್ ವಾಪಸ್ ಬರುವ ತೂತು ಮುಚ್ಚಿಕೊಂಡು ಬ್ರೇಕ್ ತಾನಾಗಿಯೇ ಹಿಡಿಯಲು ಶುರುವಾಗುತ್ತದೆ.

ಹ್ಯಾಂಡ್‌ಬ್ರೇಕ್ ಬಗ್ಗೆ ಒಂದು ಮಾತು. ಹೆಚ್ಚಿನ ಎಫ್‌ಸಿಗಳಲ್ಲಿ ಅದು ಚಕ್ರಕ್ಕೆ ಇರುವುದಿಲ್ಲ, ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಹಿಂದೆ ಪ್ರೊಪೆಲ್ಲರ್ ಶಾಫ್ಟ್ ಮೇಲಿನ ಸಣ್ಣ ಡ್ರಮ್‌ಗೆ ಇರುತ್ತದೆ. ನಿಂತ ಗಾಡಿಯನ್ನು ಹಿಡಿಯಲು ಅದು ಸಾಕು. ಓಡುವಾಗ ಎಳೆದರೆ ಶಾಫ್ಟ್ ಮತ್ತು ಆಕ್ಸಲ್‌ಗೆ ಪೆಟ್ಟು. ಜಾಕ್ ಹಾಕಿ ಹಿಂದಿನ ಒಂದು ಚಕ್ರ ಎತ್ತಿದರೆ ಹ್ಯಾಂಡ್‌ಬ್ರೇಕ್ ಹಿಡಿಯುವುದೇ ಇಲ್ಲ, ಯಾಕೆಂದರೆ ಡಿಫರೆನ್ಷಿಯಲ್ ಮೂಲಕ ಎತ್ತಿದ ಚಕ್ರ ಸುಮ್ನೆ ತಿರುಗುತ್ತದೆ. ಚಕ್ರಕ್ಕೆ ಕಲ್ಲು ಕೊಡದೆ ಈ ಗಾಡಿಯ ಕೆಳಗೆ ಯಾರೂ ಮಲಗಬೇಡಿ. ಟ್ರಾನ್ಸ್‌ಫರ್ ಕೇಸ್ ಸೀಲ್ ಸೋರುತ್ತಿದ್ದರೆ ಆ ಆಯಿಲ್ ನೇರ ಈ ಡ್ರಮ್ ಒಳಗೇ ಹೋಗುತ್ತದೆ, ಆಗ ಲೈನರ್ ಎಷ್ಟು ಹೊಸದಾದರೂ ಜಾರುತ್ತದೆ.

ಆಯಿಲ್, ಏರ್ ಕ್ಲೀನರ್, ಪೆಟ್ರೋಲ್

ಇಂಜಿನ್ ಆಯಿಲ್ ಫಿಲ್ಟರ್ ಸೇರಿ ಸುಮಾರು 4.7 ಲೀಟರ್ ಹಿಡಿಯುತ್ತದೆ. ಮಿನರಲ್ 20ಡಬ್ಲ್ಯು–40 ಅಥವಾ 20ಡಬ್ಲ್ಯು–50 ಸಾಕು, ದುಬಾರಿ ಸಿಂಥೆಟಿಕ್ ಬೇಡ. ಗೇರ್‌ಬಾಕ್ಸ್‌ಗೆ 90 ನಂಬರ್ ಆಯಿಲ್, ಆದರೆ ಡಬ್ಬದ ಮೇಲೆ ಜಿಎಲ್–4 ಅಂತ ಇರುವುದನ್ನು ಕೇಳಿ ತನ್ನಿ. ಜಿಎಲ್–5 ಆಯಿಲ್‌ನಲ್ಲಿರುವ ಗಂಧಕದ ಅಂಶ ಹಳೇ ಗೇರ್‌ಬಾಕ್ಸ್‌ನ ಗೇರ್ ಬದಲಿಸುವಾಗ ಹಲ್ಲುಗಳ ವೇಗ ಹೊಂದಿಸುವ ಹಿತ್ತಾಳೆ ಸಿಂಕ್ರೊ ರಿಂಗ್‌ಗಳಿಗೆ ಒಳ್ಳೆಯದಲ್ಲ. ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಅಂಟಿಕೊಂಡೇ ಇರುತ್ತವೆ, ಒಂದರ ಆಯಿಲ್ ಇನ್ನೊಂದಕ್ಕೆ ಹರಿಯುತ್ತದೆ. ಎರಡರ ಲೆವೆಲ್ ಪ್ಲಗ್ಗನ್ನೂ ಬಿಚ್ಚಿ ನೋಡಿ.

ಏರ್ ಕ್ಲೀನರ್ ಆಯಿಲ್ ತುಂಬಿದ ಬಟ್ಟಲಿನದ್ದು. ಬಿಚ್ಚಿ, ತಳದ ಕೆಸರು ತೆಗೆದು, ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗುರುತಿನ ತನಕ ಇಂಜಿನ್ ಆಯಿಲ್ ಹಾಕಿ. ಜಾಸ್ತಿ ಹಾಕಿದರೆ ಅದು ಇಂಜಿನ್ ಒಳಗೆ ಹೋಗಿ ಹೊಗೆ ಬರುತ್ತದೆ, ಆಗ ಪಿಸ್ಟನ್ ರಿಂಗ್ ಹೋಗಿದೆ ಅಂತ ಸುಮ್ನೆ ಹೆದರಿಕೊಳ್ಳುತ್ತೀರಿ.

ಪೆಟ್ರೋಲ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಇಂಜಿನ್ ಹುಟ್ಟಿದ ಕಾಲದ ಪೆಟ್ರೋಲ್ ಈಗ ಇಲ್ಲ. ಸೀಸ ಬೆರೆಸಿದ ಪೆಟ್ರೋಲ್ ನಮ್ಮ ದೇಶದಲ್ಲಿ 2000ನೇ ಇಸವಿಯಲ್ಲಿ ನಿಂತಿತು. ಆ ಸೀಸ ಎಕ್ಸಾಸ್ಟ್ ವಾಲ್ವ್ ಸೀಟ್‌ಗೆ ಒಂದು ತೆಳು ರಕ್ಷಣೆ ಕೊಡುತ್ತಿತ್ತು. ಈಗ ಅದಿಲ್ಲ, ಹಾಗಾಗಿ ಭಾರ ಹೇರಿ ಜೋರಾಗಿ ಓಡಿಸಿದರೆ ಸೀಟ್ ನಿಧಾನವಾಗಿ ಸವೆದು ವಾಲ್ವ್ ಒಳಕ್ಕೆ ಕೂರುತ್ತದೆ, ಟ್ಯಾಪೆಟ್ ಗ್ಯಾಪ್ ಕಡಿಮೆಯಾಗುತ್ತಾ ಹೋಗುತ್ತದೆ. ಎಕ್ಸಾಸ್ಟ್ ಟ್ಯಾಪೆಟ್ ಪದೇ ಪದೇ ಬಿಗಿಯಾಗುತ್ತಿದ್ದರೆ ಕಾರಣ ಇದೇ ಇರಬಹುದು. ಮುಂದೆ ಯಾವತ್ತಾದರೂ ಇಂಜಿನ್ ಬಿಚ್ಚಿದಾಗ ಗಟ್ಟಿ ಸೀಟ್ ಹಾಕಿಸಿ.

ಎರಡನೆಯದು ಎಥೆನಾಲ್. 20 ಪರ್ಸೆಂಟ್ ಎಥೆನಾಲ್ ಇರುವ ಇ20 ಪೆಟ್ರೋಲ್‌ಗೆ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು. ಹಳೇ ರಬ್ಬರ್ ಪೈಪ್, ಪೆಟ್ರೋಲ್ ಪಂಪ್‌ನ ಡಯಾಫ್ರಮ್, ಕಾರ್ಕ್ ಗ್ಯಾಸ್ಕೆಟ್ ಇವೆಲ್ಲ ಎಥೆನಾಲ್‌ಗೆ ಮೆತ್ತಗಾಗುತ್ತವೆ, ಬಿರುಕು ಬಿಡುತ್ತವೆ. ಇಂಜಿನ್ ಕ್ಯಾಬಿನ್ ಒಳಗೇ ಇರುವ ಗಾಡಿಯಲ್ಲಿ ಪೆಟ್ರೋಲ್ ಪೈಪ್ ಸೋರುವುದು ಎಷ್ಟು ಅಪಾಯ ಅಂತ ಬಿಡಿಸಿ ಹೇಳಬೇಕಿಲ್ಲ. ಇಂಧನದ ರಬ್ಬರ್ ಪೈಪ್ ಅಷ್ಟನ್ನೂ ಎಥೆನಾಲ್ ತಡೆಯುವ ಜಾತಿಯದಕ್ಕೆ ಬದಲಾಯಿಸಿ. ಎಥೆನಾಲ್ ಗಾಳಿಯಿಂದ ನೀರು ಹೀರುತ್ತದೆ, ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕ್ ತಳದಲ್ಲಿ ನೀರು ಬೇರೆಯಾಗಿ ನಿಲ್ಲುತ್ತದೆ, ಮಲೆನಾಡಿನ ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ. ದೀರ್ಘ ಕಾಲ ನಿಲ್ಲಿಸುವುದಾದರೆ ಕಾರ್ಬುರೇಟರ್ ಬಟ್ಟಲು ಖಾಲಿ ಮಾಡಿ ನಿಲ್ಲಿಸಿ. ಹೆಚ್ಚು ಆಕ್ಟೇನ್ ಇರುವ ಪ್ರೀಮಿಯಂ ಪೆಟ್ರೋಲ್ ಹಾಕಿದರೆ ಶಕ್ತಿ ಬರುತ್ತದೆ ಅನ್ನುವುದು ಈ ಇಂಜಿನ್‌ಗೆ ಅನ್ವಯಿಸುವುದಿಲ್ಲ. ಇದರ ಕಂಪ್ರೆಷನ್ ಅನುಪಾತ 7ರ ಆಸುಪಾಸು, ಸಾಮಾನ್ಯ ಪೆಟ್ರೋಲ್‌ನ ಆಕ್ಟೇನ್ ಧಾರಾಳವಾಯಿತು.

ಈಗ ಇಂಜಿನ್: ಮೊದಲು ಕಂಪ್ರೆಷನ್

ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಹಿಡಿದು, ಪ್ಲಗ್ ತೂತಿಗೆ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ಸೆಲ್ಫ್ ಹೊಡೆಯಿರಿ. ಒಳ್ಳೆ ಇಂಜಿನ್‌ನಲ್ಲಿ 120ರಿಂದ 130 ಪಿಎಸ್‌ಐ ಬರಬೇಕು. ಅದಕ್ಕಿಂತ ಮುಖ್ಯ, ಸಿಲಿಂಡರ್‌ಗಳ ನಡುವೆ 10 ಪಿಎಸ್‌ಐಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ನಾಲ್ಕೂ 100 ಇದ್ದರೆ ಅದು ಸವೆದ ಇಂಜಿನ್, ಆದರೂ ಟ್ಯೂನ್ ಆಗುತ್ತದೆ. ಮೂರು 120 ಇದ್ದು ಒಂದು 70 ಇದ್ದರೆ ಯಾವ ಸ್ಕ್ರೂ ತಿರುಗಿಸಿದರೂ ಆ ಇಂಜಿನ್ ನಡುಗುತ್ತದೆ. ಕಡಿಮೆ ಇರುವ ಸಿಲಿಂಡರ್‌ಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುತ್ತದೆ.

ಹೆಡ್ ವಿಷಯ ಬಂದಾಗ ಇದನ್ನು ಹೇಳಲೇಬೇಕು. ಈ ಇಂಜಿನ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಬೇರೆ ಇಲ್ಲ, ಹೆಡ್ ಜೊತೆಗೇ ಎರಕ ಹೊಯ್ದಿದ್ದಾರೆ, ಮತ್ತು ಹೆಡ್‌ನ ಒಂದು ಬೋಲ್ಟ್ ಕಾರ್ಬುರೇಟರ್ ಕೆಳಗೆ, ಗಾಳಿ ಹೋಗುವ ದಾರಿಯ ಒಳಗಿದೆ. ಕಾರ್ಬುರೇಟರ್ ತೆಗೆಯದೆ ಅದು ಕಾಣುವುದಿಲ್ಲ. ಗೊತ್ತಿಲ್ಲದವರು ಹೆಡ್ ಬಿಚ್ಚುವಾಗ ಎಲ್ಲ ಬೋಲ್ಟ್ ತೆಗೆದೆವು ಅಂದುಕೊಂಡು ಮೀಟಿ ಮೀಟಿ ಹೆಡ್ಡನ್ನೇ ಒಡೆಯುತ್ತಾರೆ. ಹೆಡ್ ಬೋಲ್ಟ್ ಬಿಗಿ ನೋಡುವಾಗಲೂ ಇದೇ ಬೋಲ್ಟ್ ಬಿಟ್ಟುಹೋಗುತ್ತದೆ, ಗ್ಯಾಸ್ಕೆಟ್ ಅಲ್ಲೇ ಹೋಗುತ್ತದೆ. ಬಿಗಿ 60ರಿಂದ 70 ಅಡಿ–ಪೌಂಡ್, ನಡುವಿನಿಂದ ಹೊರಗೆ ಬರುತ್ತಾ.

ಟ್ಯಾಪೆಟ್

ಹರಿಕೇನ್ ಇಂಜಿನ್‌ನ ವಿಶೇಷ ಇಲ್ಲಿದೆ. ಇನ್‌ಲೆಟ್ ವಾಲ್ವ್‌ಗಳು ಮೇಲೆ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್‌ಗಳು ಕೆಳಗೆ ಬ್ಲಾಕ್‌ನಲ್ಲಿ. ಮೇಲಿನ ಕವರ್ ಬಿಚ್ಚಿದರೆ ನಾಲ್ಕು ರಾಕರ್ ಮಾತ್ರ ಕಾಣುತ್ತವೆ. ಉಳಿದ ನಾಲ್ಕು ಎಲ್ಲಿ ಅಂದರೆ ಇಂಜಿನ್ ಪಕ್ಕದಲ್ಲಿ, ಮ್ಯಾನಿಫೋಲ್ಡ್ ಕೆಳಗಿನ ಸೈಡ್ ಕವರ್ ಒಳಗೆ. ಕೈ ಹೋಗುವುದು ಕಷ್ಟ, ಬಿಸಿ ಇದ್ದರೆ ಕೈ ಸುಡುತ್ತದೆ, ಹಾಗಾಗಿ ಎಷ್ಟೋ ಕಡೆ ಮೇಲಿನ ನಾಲ್ಕನ್ನು ಮಾತ್ರ ನೋಡಿ ಟ್ಯಾಪೆಟ್ ಆಯಿತು ಅನ್ನುತ್ತಾರೆ. ಆದರೆ ಸುಟ್ಟುಹೋಗುವ ವಾಲ್ವ್ ಯಾವುದು ಹೇಳಿ? ಕೆಳಗಿನದ್ದೇ. ಬಿಟ್ಟುಬಿಡಲೇಬಾರದ ಕೆಲಸ ಇದು.

ಇಂಜಿನ್ ಪೂರ್ತಿ ತಣ್ಣಗಿರಲಿ, ರಾತ್ರಿಯಿಡೀ ನಿಂತಿದ್ದರೆ ಒಳ್ಳೆಯದು. ಇನ್‌ಲೆಟ್‌ಗೆ 0.018 ಇಂಚು, ಅಂದರೆ 0.46 ಮಿ.ಮೀ. ಎಕ್ಸಾಸ್ಟ್‌ಗೆ 0.016 ಇಂಚು, 0.41 ಮಿ.ಮೀ. ಬೇರೆ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಎಕ್ಸಾಸ್ಟ್‌ಗೆ ಜಾಸ್ತಿ ಗ್ಯಾಪ್ ಕೊಡುತ್ತಾರೆ, ಇದರಲ್ಲಿ ತಿರುವುಮುರುವು, ಆ ಅಭ್ಯಾಸದಲ್ಲಿ ಅದಲು ಬದಲು ಮಾಡಬೇಡಿ.

ಪ್ಲಗ್‌ಗಳು ಹೊರಗಿರಲಿ. ಒಂದನೇ ಸಿಲಿಂಡರ್‌ನ ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಕ್ರ್ಯಾಂಕ್ ಪುಲ್ಲಿಯನ್ನು ಸ್ಪ್ಯಾನರ್‌ನಿಂದ ತಿರುಗಿಸಿ. ಬೆರಳನ್ನು ಗಾಳಿ ತಳ್ಳಿದರೆ ಅದು ಕಂಪ್ರೆಷನ್. ಪಿಸ್ಟನ್ ಪೂರ್ತಿ ಮೇಲೆ ಬಂದ ಕಡೆ ನಿಲ್ಲಿಸಿ, ಒಂದನೇ ಸಿಲಿಂಡರ್‌ನ ಎರಡೂ ವಾಲ್ವ್ ಹೊಂದಿಸಿ. ಆಮೇಲೆ ಪುಲ್ಲಿ ಅರ್ಧ ಸುತ್ತು, ಮೂರನೇ ಸಿಲಿಂಡರ್. ಮತ್ತೆ ಅರ್ಧ ಸುತ್ತು, ನಾಲ್ಕು. ಮತ್ತೆ ಅರ್ಧ, ಎರಡು. ಫೈರಿಂಗ್ ಆರ್ಡರ್ 1–3–4–2, ಅದೇ ಕ್ರಮ. ಫೀಲರ್ ಗೇಜ್ ಸ್ವಲ್ಪ ಹಿಡಿದು ಎಳೆದ ಹಾಗೆ ಆಗಬೇಕು, ಸಲೀಸಾಗಿ ಜಾರಬಾರದು. ಅನುಮಾನ ಬಂದರೆ ಸಡಿಲದ ಕಡೆಗೇ ಬಿಡಿ. ಸ್ವಲ್ಪ ಸದ್ದು ಮಾಡುವ ಟ್ಯಾಪೆಟ್‌ನಿಂದ ವಾಲ್ವ್ ಸುಡುವುದಿಲ್ಲ, ಸದ್ದೇ ಇಲ್ಲದ ಬಿಗಿ ಟ್ಯಾಪೆಟ್‌ನಿಂದ ಸುಡುತ್ತದೆ. ಸೈಡ್ ಕವರ್ ವಾಪಸ್ ಹಾಕುವಾಗ ಹೊಸ ಗ್ಯಾಸ್ಕೆಟ್ ಹಾಕಿ.

ಪ್ಲಗ್, ಪಾಯಿಂಟ್, ಟೈಮಿಂಗ್

ಪ್ಲಗ್ ಗ್ಯಾಪ್ 0.030 ಇಂಚು, 0.76 ಮಿ.ಮೀ. ಬಿಚ್ಚಿದ ಹಳೇ ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲೇ ಬೆಂಚ್ ಮೇಲೆ ಇಟ್ಟು ನೋಡಿ. ತಿಳಿ ಕಂದು ಬಣ್ಣ ಒಳ್ಳೆಯದು, ಒಣ ಕಪ್ಪು ಮಸಿ ಅಂದರೆ ಪೆಟ್ರೋಲ್ ಜಾಸ್ತಿ, ಒದ್ದೆ ಎಣ್ಣೆ ಅಂದರೆ ರಿಂಗ್ ಅಥವಾ ವಾಲ್ವ್ ಗೈಡ್, ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆ ತಯಾರಿಸುತ್ತಿದ್ದ ಪ್ಲಗ್‌ಗಳು ಹಳೇ ಅಂಗಡಿಗಳಲ್ಲಿ ಆಗಾಗ ಸಿಗುತ್ತವೆ, ಡಬ್ಬ ಒಡೆಯದೆ ಇದ್ದರೆ ಬಿಡಬೇಡಿ.

ಇನ್ನು ಡೆಲ್ಕೊ, ಅಂದರೆ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್. ಕ್ಯಾಪ್ ತೆಗೆದು ಒಳಗೆ ಪೆನ್ಸಿಲ್ ಗೀಟಿನ ಹಾಗೆ ಬಿರುಕು ಇದೆಯಾ ಬೆಳಕಿಗೆ ಹಿಡಿದು ನೋಡಿ. ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದ ಎಷ್ಟೋ ಗಾಡಿಗಳ ಕಾಯಿಲೆ ಅಲ್ಲೇ ಇರುತ್ತದೆ. ರೋಟರನ್ನು ಕೈಯಲ್ಲಿ ತಿರುಗಿಸಿ ಬಿಟ್ಟರೆ ಸ್ಪ್ರಿಂಗ್‌ನಿಂದ ತಾನೇ ವಾಪಸ್ ಬರಬೇಕು, ಬರದಿದ್ದರೆ ವೇಗ ಏರಿದಂತೆ ಕಿಡಿಯನ್ನು ಬೇಗ ತರುವ ಕೆಳಗಿನ ಅಡ್ವಾನ್ಸ್ ತೂಕಗಳು ತುಕ್ಕು ಹಿಡಿದಿವೆ. ಅದನ್ನು ಬಿಡಿಸದೆ ಟೈಮಿಂಗ್ ಇಟ್ಟರೆ ಐಡಲ್ ಚೆನ್ನಾಗಿರುತ್ತದೆ, ಓಡುವಾಗ ಎಳೆತ ಇರುವುದಿಲ್ಲ.

ಪಾಯಿಂಟ್ ಪೂರ್ತಿ ತೆರೆದಿರುವಾಗ, ಅಂದರೆ ಡೆಲ್ಕೊ ಒಳಗಿನ ಕ್ಯಾಮ್‌ನ ಎತ್ತರದ ಮೂಲೆ ಪಾಯಿಂಟ್‌ನ ಹೀಲ್‌ಗೆ (ಕ್ಯಾಮ್‌ಗೆ ಉಜ್ಜುವ ಭಾಗಕ್ಕೆ) ತಾಗಿದಾಗ, ಗ್ಯಾಪ್ 0.020 ಇಂಚು, ಅರ್ಧ ಮಿ.ಮೀ. ಇಡಿ. ಕ್ಯಾಮ್‌ಗೆ ಒಂದು ಚೂರು ಗ್ರೀಸ್ ಸವರಿ, ಇಲ್ಲದಿದ್ದರೆ ಹೀಲ್ ಸವೆದು ಗ್ಯಾಪ್ ಬೇಗ ಮುಚ್ಚಿಕೊಳ್ಳುತ್ತದೆ. ಹೊಸ ಪಾಯಿಂಟ್ ಮೇಲೆ ಪ್ಯಾಕಿಂಗ್‌ನ ಎಣ್ಣೆ ಇರುತ್ತದೆ, ಬಿಳಿ ಕಾಗದ ಸಿಕ್ಕಿಸಿ ಎಳೆದು ಒರೆಸಿ. ಪಾಯಿಂಟ್ ಪದೇ ಪದೇ ಸುಡುತ್ತಿದ್ದರೆ ಕಂಡೆನ್ಸರ್ ಬದಲಾಯಿಸಿ. ಈಗ ಬರುವ ಕಂಡೆನ್ಸರ್‌ಗಳಲ್ಲಿ ಹೊಸದೇ ಕೆಟ್ಟಿರುವುದು ಉಂಟು, ಹಾಗಾಗಿ ಚೆನ್ನಾಗಿ ಓಡುತ್ತಿರುವ ಹಳೇ ಕಂಡೆನ್ಸರನ್ನು ಸುಮ್ನೆ ಬಿಸಾಡಬೇಡಿ.

ಪಾಯಿಂಟ್ ಆದ ಮೇಲೆಯೇ ಟೈಮಿಂಗ್. ಇದಕ್ಕೆ ಕಾರಣ ಇದೆ. ಪಾಯಿಂಟ್ ಗ್ಯಾಪ್ ಬದಲಾದರೆ ಅದು ತೆರೆಯುವ ಗಳಿಗೆಯೂ ಬದಲಾಗುತ್ತದೆ, ಅಂದರೆ ಟೈಮಿಂಗ್ ತಾನಾಗಿಯೇ ಜರುಗುತ್ತದೆ. ಟೈಮಿಂಗ್ ಮೊದಲು ಇಟ್ಟು ಆಮೇಲೆ ಪಾಯಿಂಟ್ ಮುಟ್ಟಿದರೆ ಮಾಡಿದ ಕೆಲಸ ಮತ್ತೆ ಮಾಡಬೇಕು.

ಒಂದನೇ ಸಿಲಿಂಡರ್ ಕಂಪ್ರೆಷನ್‌ನಲ್ಲಿ ಮೇಲೆ ಬರುತ್ತಿರುವಾಗ, ಪೂರ್ತಿ ಮೇಲೆ ಬರುವುದಕ್ಕೆ 5 ಡಿಗ್ರಿ ಮುಂಚೆ ನಿಲ್ಲಿಸಿ. ಪುಲ್ಲಿ ಮೇಲೆ ಗುರುತು, ಟೈಮಿಂಗ್ ಕವರ್ ಮೇಲೆ ಡಿಗ್ರಿ ಗೆರೆ ಇರುತ್ತದೆ. ಕೆಲವು ಹಳೇ ಇಂಜಿನ್‌ಗಳಲ್ಲಿ ಫ್ಲೈವೀಲ್ ಮೇಲಿನ ಗುರುತನ್ನು ಬೆಲ್ ಹೌಸಿಂಗ್‌ನ ಕಿಂಡಿಯಲ್ಲಿ ನೋಡಬೇಕು. ಗುರುತಿಗೆ ಸೀಮೆಸುಣ್ಣ ಹಚ್ಚಿದರೆ ಕಾಣುತ್ತದೆ. ಒಂದು ಸಣ್ಣ ಬಲ್ಬಿನ ಒಂದು ವೈರ್ ಡೆಲ್ಕೊ ಪಕ್ಕದ ಪಾಯಿಂಟ್ ಟರ್ಮಿನಲ್‌ಗೆ, ಇನ್ನೊಂದು ಅರ್ತ್‌ಗೆ. ನಿಮ್ಮ ಗಾಡಿ 6 ವೋಲ್ಟೋ 12 ವೋಲ್ಟೋ ನೋಡಿ ಬಲ್ಬ್ ಹಾಕಿ. ಇಗ್ನಿಷನ್ ಆನ್ ಮಾಡಿ, ಡೆಲ್ಕೊ ಬೋಲ್ಟ್ ಸಡಿಲಿಸಿ, ನಿಧಾನವಾಗಿ ತಿರುಗಿಸಿ. ಬಲ್ಬ್ ಹತ್ತಿದ ಗಳಿಗೆಯೇ ಪಾಯಿಂಟ್ ತೆರೆದ ಗಳಿಗೆ. ಅಲ್ಲೇ ಬಿಗಿ ಮಾಡಿ. ರೋಟರ್ ತಿರುಗುವ ದಿಕ್ಕಿಗೆ ಎದುರಾಗಿ ಡೆಲ್ಕೊ ತಿರುಗಿಸಿದರೆ ಅಡ್ವಾನ್ಸ್, ಅದೇ ದಿಕ್ಕಿಗೆ ತಿರುಗಿಸಿದರೆ ರಿಟಾರ್ಡ್, ಅಂದರೆ ಕಿಡಿ ತಡ. ಆಮೇಲೆ ಒಂದು ಏರಿನಲ್ಲಿ ಟಾಪ್ ಗೇರ್‌ನಲ್ಲಿ ಓಡಿಸಿ ನೋಡಿ. ಕಟಕಟ ನಾಕಿಂಗ್ ಬಂದರೆ ಒಂದೆರಡು ಡಿಗ್ರಿ ಹಿಂದೆ ತನ್ನಿ.

ಕೊನೆಗೆ ಕಾರ್ಬುರೇಟರ್

ಇಷ್ಟೊತ್ತಿಗೆ ಗಾಡಿ ಅರ್ಧಕ್ಕಿಂತ ಜಾಸ್ತಿ ಸರಿಯಾಗಿರುತ್ತದೆ. ಮೂಲತಃ ಈ ಇಂಜಿನ್‌ಗೆ ಬಂದದ್ದು ಕಾರ್ಟರ್ ವೈಎಫ್. ನಿಮ್ಮದರಲ್ಲಿ ಯಾರೋ ಬೇರೆ ಹಾಕಿಸಿರಬಹುದು, ಐಡಲ್ ಹೊಂದಿಸುವ ರೀತಿ ಒಂದೇ.

ಮುಟ್ಟುವ ಮೊದಲು ಕಳ್ಳಗಾಳಿ, ಅಂದರೆ ಕಾರ್ಬುರೇಟರ್ ತಪ್ಪಿಸಿ ಸಂದಿಯಿಂದ ನುಗ್ಗುವ ಗಾಳಿ, ಇದೆಯಾ ನೋಡಿ. ಮ್ಯಾನಿಫೋಲ್ಡ್ ಹೆಡ್‌ನಲ್ಲೇ ಇರುವುದರಿಂದ ಗಾಳಿ ನುಗ್ಗುವ ಜಾಗ ಕೆಲವೇ. ಕಾರ್ಬುರೇಟರ್ ಕೆಳಗಿನ ಗ್ಯಾಸ್ಕೆಟ್, ಸವೆದ ಥ್ರಾಟಲ್ ಶಾಫ್ಟ್, ವೈಪರ್‌ಗೆ ಹೋಗುವ ವ್ಯಾಕ್ಯೂಮ್ ಪೈಪ್, ಕ್ರ್ಯಾಂಕ್‌ಕೇಸ್ ಗಾಳಿಯ ವಾಲ್ವ್. ಒಂದೊಂದನ್ನೇ ಬೆರಳಿನಿಂದ ಮುಚ್ಚಿ ಐಡಲ್ ಬದಲಾಗುತ್ತದಾ ಕೇಳಿ.

ಇಂಜಿನ್ ಬಿಸಿಯಾಗಲಿ, ಚೋಕ್ ಪೂರ್ತಿ ತೆರೆದಿರಲಿ. ಮಿಕ್ಸ್ಚರ್ ಸ್ಕ್ರೂ ಮೆಲ್ಲಗೆ ಒಳಗೆ ತಾಗುವ ತನಕ ತಿರುಗಿಸಿ, ಬಿಗಿ ಮಾಡಬೇಡಿ, ಸೂಜಿಯ ತುದಿ ಹಾಳಾಗುತ್ತದೆ. ಅಲ್ಲಿಂದ ಒಂದೂವರೆ ಸುತ್ತು ಹೊರಗೆ. ಸ್ಟಾರ್ಟ್ ಮಾಡಿ ಸ್ಲೋ ಸ್ಕ್ರೂನಿಂದ (ಐಡಲ್ ವೇಗ ಹೊಂದಿಸುವ ಸ್ಕ್ರೂ) ಐಡಲ್ ನಿಮಿಷಕ್ಕೆ 600 ಸುತ್ತಿಗೆ ತನ್ನಿ. ಈಗ ಮಿಕ್ಸ್ಚರ್ ಸ್ಕ್ರೂ ಕಾಲು ಕಾಲು ಸುತ್ತು ಎರಡೂ ಕಡೆ ತಿರುಗಿಸಿ ಇಂಜಿನ್ ಅತಿ ಜೋರಾಗಿ, ಅತಿ ಸಮವಾಗಿ ಓಡುವ ಜಾಗ ಹುಡುಕಿ. ಐಡಲ್ ಏರಿದ್ದರೆ ಸ್ಲೋ ಸ್ಕ್ರೂ ಇಳಿಸಿ, ಮತ್ತೆ ಮಿಕ್ಸ್ಚರ್ ನೋಡಿ. ವ್ಯಾಕ್ಯೂಮ್ ಗೇಜ್ ಇದ್ದರೆ ಕಿವಿಗಿಂತ ಅದನ್ನೇ ನಂಬಿ. ಮುಳ್ಳು ಅಲ್ಲಾಡದೆ 17ರಿಂದ 21 ಇಂಚಿನ ನಡುವೆ ನಿಲ್ಲಬೇಕು. ಇದು ಸಮುದ್ರಮಟ್ಟದ, ಅಂದರೆ ಮಂಗಳೂರಿನ ಲೆಕ್ಕ. ಎತ್ತರಕ್ಕೆ ಹೋದಂತೆ ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಡಿಮೆ ಆಗುತ್ತದೆ, ಮಡಿಕೇರಿಯಲ್ಲಿ 15 ತೋರಿಸಿದರೆ ಇಂಜಿನ್ ಚೆನ್ನಾಗಿಯೇ ಇದೆ.

ಆಕ್ಸಿಲರೇಟರ್ ಒತ್ತಿದ ಕೂಡಲೇ ಒಂದು ಕ್ಷಣ ಸತ್ತಂತೆ ಆಗಿ ಆಮೇಲೆ ಏಳುತ್ತದೆ ಅಂದರೆ ಕಾರ್ಬುರೇಟರ್ ಒಳಗಿನ ಆಕ್ಸಿಲರೇಟರ್ ಪಂಪ್‌ನ ಡಯಾಫ್ರಮ್ ಬಿರುಕು ಬಿಟ್ಟಿದೆ, ಕಿಟ್ ಹಾಕಿ. ಇ20 ಹಾಕಿದಾಗ ಮಿಶ್ರಣ ಸ್ವಲ್ಪ ತೆಳು ಆಗುತ್ತದೆ, ಯಾಕೆಂದರೆ ಎಥೆನಾಲ್‌ಗೆ ಅಷ್ಟೇ ಗಾಳಿಗೆ ಜಾಸ್ತಿ ಇಂಧನ ಬೇಕು. ಐಡಲ್‌ನಲ್ಲಿ ಸ್ಕ್ರೂನಿಂದ ಸರಿಯಾಗುತ್ತದೆ. ಓಡುವಾಗ ಎಳೆತ ಕಡಿಮೆ ಇದ್ದು ಪ್ಲಗ್ ಬಿಳಿಚಿಕೊಂಡಿದ್ದರೆ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿ ನೋಡಿ.

ರಸ್ತೆಗೆ ಇಳಿಸುವ ಮುಂಚೆ

ಇಂಜಿನ್ ಮೇಲಿನ ಮುಚ್ಚಳದ ಸುತ್ತ ರಬ್ಬರ್ ಅಥವಾ ಫೆಲ್ಟ್ ಪಟ್ಟಿ ಇರಬೇಕು. ಇದು ಬರೀ ಸದ್ದು ಮತ್ತು ಶಾಖ ತಡೆಯಲು ಇರುವುದಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿದರೆ ಕಾರ್ಬನ್ ಮಾನಾಕ್ಸೈಡ್ ನೇರ ನಿಮ್ಮ ಮೊಣಕಾಲ ಹತ್ತಿರ ಬರುತ್ತದೆ, ಅದಕ್ಕೆ ವಾಸನೆ ಇಲ್ಲ. ಓಡಿಸುವಾಗ ತಲೆನೋವು, ಮಂಪರು ಬಂದರೆ ಗಾಡಿ ನಿಲ್ಲಿಸಿ ಇಳಿದುಬಿಡಿ. ಪಟ್ಟಿ ಹೊಸದು ಹಾಕಲು ಹೆಚ್ಚು ಖರ್ಚಿಲ್ಲ.

ಕಾಗದಪತ್ರವನ್ನೂ ನೋಡಿಕೊಳ್ಳಿ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ನಿಯಮ ತಂದಿತು. ನಂಬರ್‌ನಲ್ಲಿ ವಿಎ ಅಕ್ಷರ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ, ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಆ ನಿಯಮ ದ್ವಿಚಕ್ರ ಮತ್ತು ಪ್ರಯಾಣಿಕರ ನಾಲ್ಕು ಚಕ್ರದ ಸ್ವಂತ ಗಾಡಿಗಳಿಗೆ ಬರೆದದ್ದು. ಪಿಕಪ್‌ನ ಆರ್‌ಸಿಯಲ್ಲಿ ಗೂಡ್ಸ್ ಅಂತ ಇದ್ದರೆ ದುಡ್ಡು ಕಟ್ಟುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಓಡಿಸುವುದು

ಗೇರ್ ಮೂರು. ಒಂದನೇ ಗೇರ್‌ಗೆ ಸಿಂಕ್ರೊ ಇಲ್ಲ. ಗಾಡಿ ಪೂರ್ತಿ ನಿಂತ ಮೇಲೆ ಹಾಕಿ, ಅಥವಾ ಡಬಲ್ ಕ್ಲಚ್ ಕಲಿಯಿರಿ. ಎರಡರಿಂದ ಒಂದಕ್ಕೆ ಬರಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಬಿಡಿ, ಆಕ್ಸಿಲರೇಟರ್ ಒಂದು ಸಲ ಕೊಡಿ, ಮತ್ತೆ ಕ್ಲಚ್ ಒತ್ತಿ ಒಂದನೇ ಗೇರ್ ಹಾಕಿ. ಹಲ್ಲುಗಳ ವೇಗ ಹೊಂದಿದ್ದರೆ ಗೇರ್ ತಾನೇ ಬೀಳುತ್ತದೆ, ಹೊಂದದಿದ್ದರೆ ಕಿರುಚುತ್ತದೆ, ಬಲ ಹಾಕಬೇಡಿ. ಖಾಲಿ ಮೈದಾನದಲ್ಲಿ ಒಂದು ಬೆಳಿಗ್ಗೆ ಪ್ರಯತ್ನಿಸಿದರೆ ಕೈಗೆ ಬರುತ್ತದೆ.

ಈ ಇಂಜಿನ್‌ನ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ) ಉದ್ದ, 111 ಮಿ.ಮೀ. ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, 2,000 ಸುತ್ತಿಗೇ ಬರುತ್ತದೆ. ಅಂದರೆ ಇದು ಎಳೆಯುವ ಇಂಜಿನ್, ಓಡುವ ಇಂಜಿನ್ ಅಲ್ಲ. 55–60 ಕಿ.ಮೀ. ವೇಗದಲ್ಲಿ ಹಾಯಾಗಿ ದಿನವಿಡೀ ಓಡುತ್ತದೆ. ಹೆದ್ದಾರಿಯಲ್ಲಿ ಹಿಂದಿನವರು ಹಾರ್ನ್ ಹೊಡೆಯುತ್ತಾರೆ ಅಂತ 85ಕ್ಕೆ ಏರಿಸಬೇಡಿ, ಎಡಕ್ಕೆ ಸರಿದು ದಾರಿ ಬಿಡಿ.

ಮುಂದೆ ಬಾನೆಟ್ ಇಲ್ಲ ಅನ್ನುವುದಕ್ಕೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು. ಚಕ್ರ ನಿಮ್ಮ ಕೆಳಗೇ ಇರುವುದರಿಂದ ತಿರುವಿನಲ್ಲಿ ಕಾರಿಗಿಂತ ಸ್ವಲ್ಪ ತಡವಾಗಿ ಸ್ಟೀರಿಂಗ್ ತಿರುಗಿಸಬೇಕು, ಮೊದಲೇ ತಿರುಗಿಸಿದರೆ ಹಿಂದಿನ ಚಕ್ರ ಒಳಗಿನ ಮೋರಿಗೆ ಇಳಿಯುತ್ತದೆ. ಎದುರು ಗುದ್ದಿದರೆ ನಿಮ್ಮ ಕಾಲಿನ ಮುಂದೆ ಬರೀ ಒಂದು ತಗಡು ಇದೆ, ಮುಂದಿನ ಗಾಡಿಯಿಂದ ದೂರ ಜಾಸ್ತಿ ಬಿಡಿ. ಇಂಜಿನ್, ಕ್ಯಾಬಿನ್, ಡ್ರೈವರ್ ಎಲ್ಲ ಮುಂದೆ ಇರುವುದರಿಂದ ಖಾಲಿ ಗಾಡಿಯ ಹಿಂಭಾಗ ಬಹಳ ಹಗುರ. ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರಗಳು ಮೊದಲು ಲಾಕ್ ಆಗಿ ಹಿಂಭಾಗ ಪಕ್ಕಕ್ಕೆ ಬರುತ್ತದೆ. ಮಳೆಗಾಲದಲ್ಲಿ ಹಿಂದಿನ ಆಕ್ಸಲ್ ಮೇಲೆ ಬರುವ ಹಾಗೆ ಎರಡು ಮೂರು ಮರಳು ಚೀಲ ಹಾಕಿ ಕಟ್ಟಿ, ವ್ಯತ್ಯಾಸ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ.

ಘಾಟಿ ಇಳಿಯುವುದು ಈ ಗಾಡಿಗೆ ನಿಜವಾದ ಪರೀಕ್ಷೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುತ್ತೀರಿ ಅಂದುಕೊಳ್ಳಿ. ಇಳಿಜಾರು ಶುರುವಾಗುವ ಮುಂಚೆಯೇ ಎರಡನೇ ಗೇರ್ ಹಾಕಿ, ಕೆಳಗೆ ಬರುವ ತನಕ ಅದರಲ್ಲೇ ಇರಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಡ್ರಮ್ ಬಿಸಿಯಾಗಿ ಹಿಗ್ಗುತ್ತದೆ, ಲೈನರ್ ಹಿಡಿತ ಬಿಡುತ್ತದೆ, ಪೆಡಲ್ ಕೆಳಕ್ಕೆ ಹೋಗುತ್ತದೆ. ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ, ಮತ್ತೆ ಬೇಕಾದಾಗ ಒತ್ತಿ. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡಿ ಇಳಿಯುವುದು ಯಾವತ್ತೂ ಬೇಡ. ಬ್ರೇಕ್ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಕಾಲು ಗಂಟೆ ಬಿಡಿ, ನೀರು ಎರಚಬೇಡಿ, ಡ್ರಮ್ ಬಿರುಕು ಬಿಡುತ್ತದೆ.

ಹತ್ತುವಾಗ ಬರುವ ತೊಂದರೆ ಬೇರೆ. ಬೇಸಿಗೆಯ ಮಧ್ಯಾಹ್ನ, ಕಡಿಮೆ ವೇಗ, ಜಾಸ್ತಿ ಶಾಖ, ಇಂಜಿನ್ ಮುಚ್ಚಳದ ಒಳಗೆ ಗಾಳಿ ಇಲ್ಲ. ಪೆಟ್ರೋಲ್ ಪೈಪ್‌ನಲ್ಲೇ ಆವಿಯಾಗುತ್ತದೆ, ಪಂಪ್‌ಗೆ ಎಳೆಯಲು ಆಗುವುದಿಲ್ಲ, ಇಂಜಿನ್ ಕೆಮ್ಮಿ ನಿಲ್ಲುತ್ತದೆ. ಆಗ ಗಾಡಿ ಪಕ್ಕಕ್ಕೆ ಹಾಕಿ, ಕಲ್ಲು ಕೊಟ್ಟು, ಮುಚ್ಚಳ ತೆಗೆದು, ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಿರಿ. ಪದೇ ಪದೇ ಹೀಗಾದರೆ ಪೆಟ್ರೋಲ್ ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಸರಿಸಿ, ಅಥವಾ ಟ್ಯಾಂಕ್ ಹತ್ತಿರ ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪ್ ಹಾಕಿಸಿ. ಬಿಸಿಯಾಗುತ್ತದೆ ಅಂತ ಥರ್ಮೋಸ್ಟಾಟ್ ತೆಗೆದು ಬಿಸಾಡುವ ಅಭ್ಯಾಸ ಇದೆ, ಅದರಿಂದ ರೇಡಿಯೇಟರ್ ಒಳಗಿನ ಕೆಸರು ಹೋಗುವುದಿಲ್ಲ. ರೇಡಿಯೇಟರನ್ನೇ ತೊಳೆಸಿ.

ಫೋರ್ ವೀಲ್ ಲಿವರ್ ಕೆಸರು, ಮರಳು, ಒದ್ದೆ ಹುಲ್ಲಿಗೆ ಮಾತ್ರ. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ, ಒಣ ಟಾರು ರಸ್ತೆಯಲ್ಲಿ ಹಾಕಿ ತಿರುವು ತೆಗೆದರೆ ಶಾಫ್ಟ್‌ಗಳು ಒಂದಕ್ಕೊಂದು ತಿರುಚಿಕೊಂಡು ಲಿವರ್ ಹೊರಗೇ ಬರುವುದಿಲ್ಲ. ಹಾಗೆ ಸಿಕ್ಕಿಕೊಂಡರೆ ಕೆಲವು ಅಡಿ ನೇರ ರಿವರ್ಸ್ ತೆಗೆದುಕೊಳ್ಳಿ, ಸಡಿಲಾಗುತ್ತದೆ. ಲೋ ಗೇರ್ ಹಾಕುವಾಗ ಗಾಡಿ ಪೂರ್ತಿ ನಿಂತಿರಲಿ.

ಮೊದಲ ಸಲ ದೂರ ಹೋಗಿ ಬಂದ ಮೇಲೆ, ಇಂಜಿನ್ ತಣ್ಣಗಾದಾಗ, ಎಕ್ಸಾಸ್ಟ್ ಟ್ಯಾಪೆಟ್ ಮತ್ತೊಮ್ಮೆ ನೋಡಿ, ವೀಲ್ ನಟ್ ಬಿಗಿ ಮಾಡಿ, ಬ್ರೇಕ್ ಆಯಿಲ್ ಮಟ್ಟ ಇಳಿದಿದೆಯಾ ನೋಡಿ. ಗಾಡಿಯಲ್ಲಿ ಒಂದು ಡಬ್ಬ ಯಾವಾಗಲೂ ಇರಲಿ. ಅದರಲ್ಲಿ ಒಂದು ಸೆಟ್ ಪಾಯಿಂಟ್, ಓಡಿಸಿ ಪರೀಕ್ಷಿಸಿದ ಕಂಡೆನ್ಸರ್, ರೋಟರ್, ಪೆಟ್ರೋಲ್ ಪಂಪ್ ಡಯಾಫ್ರಮ್, ಫ್ಯಾನ್ ಬೆಲ್ಟ್, ಬ್ರೇಕ್ ಆಯಿಲ್, ಒಂದು ಮೊಳ ಪೆಟ್ರೋಲ್ ಪೈಪ್, ಫೀಲರ್ ಗೇಜ್, ಬೆಂಕಿ ಆರಿಸುವ ಸಣ್ಣ ಸಿಲಿಂಡರ್. ಇವುಗಳಲ್ಲಿ ಹೆಚ್ಚಿನವು ಬೆಂಗಳೂರಿನ ಜೆಸಿ ರಸ್ತೆಯ ಅಂಗಡಿಗಳಲ್ಲಿ ಹಳೇ ಜೀಪ್ ಸಾಮಾನು ಅಂತ ಕೇಳಿದರೆ ಸಿಗುತ್ತವೆ, ಹಳೇ ಪೀಸ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಹೋಲಿಸಿ ನೋಡಿಯೇ ತನ್ನಿ.